ಹದಿನಾಲ್ಕನೇ ವಚನವನ್ನೂ ಓದಿ

ಸದಾ ಸಂತೋಷವಾಗಿರಿ, ಎಡೆಬಿಡದೆ ಪ್ರಾರ್ಥಿಸಿ, ಎಲ್ಲದರಲ್ಲೂ ಕೃತಜ್ಞರಾಗಿರಿ ಎಂಬ ಬೈಬಲ್ ಮಾತಿನ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ‘ನಿಜವಾದ ವಿಶ್ವಾಸಿ ಕಣ್ಣೀರು ಹಾಕುವುದಿಲ್ಲ’ ಎಂಬ ಸಾಲು ಒಪ್ಪಲು ಕಷ್ಟ. ನೀವು ಆಧಾರ ಮಾಡಿಕೊಂಡಿರುವುದು 1 ಥೆಸಲೋನಿಕ 5:16-18, ಅಂದರೆ ಅಪೊಸ್ತಲ ಪೌಲ ಥೆಸಲೋನಿಕ ಊರಿನ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ. ಸಂತೋಷ, ಪ್ರಾರ್ಥನೆ, ಕೃತಜ್ಞತೆ, ಮೂರೂ ಅಲ್ಲಿವೆ, ಸರಿ. ಅದಕ್ಕೆ ಸ್ವಲ್ಪ ಮೇಲೆ, 14ನೇ ವಚನದಲ್ಲಿ, ಮನಗುಂದಿದವರಿಗೆ ಧೈರ್ಯ ಹೇಳಿ, ಬಲಹೀನರಿಗೆ ಆಸರೆಯಾಗಿ ಅಂತ ಪೌಲನೇ ಬರೆದಿದ್ದಾನೆ. ಅಂದರೆ ಆ ಸಭೆಯಲ್ಲೂ ಕುಗ್ಗಿದವರು ಇದ್ದರು ಅಲ್ವಾ? ಸತ್ತವರಿಗಾಗಿ ದುಃಖಿಸುವವರಿಗೆ ಅವನು 4ನೇ ಅಧ್ಯಾಯದಲ್ಲಿ ನಿರೀಕ್ಷೆಯ ಮಾತು ಹೇಳುತ್ತಾನೆ, ಗದರಿಸುವುದಿಲ್ಲ.

ಅವನೇನು ಸುಖವಾಗಿ ಕೂತು ಬರೆದವನಲ್ಲ. ಫಿಲಿಪ್ಪಿ ಊರಿನಲ್ಲಿ ಏಟು ತಿಂದು, ಸೆರೆಮನೆಯಲ್ಲಿ ಕಾಲಿಗೆ ಕೋಳ ಹಾಕಿಸಿಕೊಂಡು, ನಡುರಾತ್ರಿ ಸಂಗಡಿಗ ಸೀಲನ ಜೊತೆ ಹಾಡಿದವನು. ಥೆಸಲೋನಿಕದಲ್ಲೂ ಗಲಾಟೆಯಾಗಿ ರಾತ್ರೋರಾತ್ರಿ ಊರು ಬಿಟ್ಟ.

ಎಡೆಬಿಡದೆ ಪ್ರಾರ್ಥಿಸುವುದು ಅಂದರೆ ಕೆಲಸ ಬಿಟ್ಟು ಮೊಣಕಾಲೂರುವುದೂ ಅಲ್ಲ. ಇದೇ ಪತ್ರದ 2:9ರಲ್ಲಿ ಹಗಲೂ ರಾತ್ರಿ ದುಡಿದೆವು ಅನ್ನುತ್ತಾನೆ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಮಾಡುವ ಒಂದು ಸಾಲಿನ ಪ್ರಾರ್ಥನೆಯೂ ಸಾಕು.

ಕೃತಜ್ಞತೆಗೆ ನಮ್ಮ ಮಂಗಳೂರಿನ ಕ್ಯಾಥೊಲಿಕರ ಮೊಂತಿ ಹಬ್ಬ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಜನ್ಮದಿನದ ತೆನೆ ಹಬ್ಬ, ನನಗೆ ಇಷ್ಟ. ಸೆಪ್ಟೆಂಬರ್ 8ಕ್ಕೆ ಚರ್ಚಿನಲ್ಲಿ ಹೊಸ ಭತ್ತದ ತೆನೆ ಆಶೀರ್ವದಿಸಿ ಕೊಡುತ್ತಾರೆ, ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿ ಊಟ. ಮಳೆ ಕೈಕೊಟ್ಟ ವರ್ಷವೂ ಹಬ್ಬ ತಪ್ಪುವುದಿಲ್ಲ.

ಮುಂದಿನ ಲೇಖನದಲ್ಲಿ ಆ 14ನೇ ವಚನದ ಬಗ್ಗೆಯೂ ಬರೆಯಿರಿ ಸರ್.