ಜಾಮೀನಿಗೆ ತಾತನನ್ನು ಕರೆತನ್ನಿ

ನವೆಂಬರ್ 9 ಬಂತೆಂದರೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಮಳೆಗೆ ಬರವಿದ್ದರೂ ಕಾನೂನಿನ ಅರಿವಿಗೆ ಬರವಿರುವುದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರಲ್ಲಿ ಇದೇ ದಿನ ಜಾರಿಗೆ ಬಂದದ್ದರ ನೆನಪಿಗೆ ಯಾವುದಾದರೊಂದು ಕಾಲೇಜಿನ ಸಭಾಂಗಣದಲ್ಲಿ ಫ್ಲೆಕ್ಸ್ ಏರುತ್ತದೆ, ಗಣ್ಯರು ಸಸಿಗೆ ನೀರೆರೆಯುತ್ತಾರೆ, ಶಾಲು ಮತ್ತು ಹಣ್ಣಿನ ಬುಟ್ಟಿಗಳು ಕೈಯಿಂದ ಕೈಗೆ ಹೋಗುತ್ತವೆ, ಬಳಿಕ ಹಾಜರಾತಿಯ ಭಯಕ್ಕೆ ಬಂದು ಕುಳಿತ ಬಿ.ಕಾಂ. ವಿದ್ಯಾರ್ಥಿಗಳಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯದ ಮಿತಿಯಿಲ್ಲದೆ ಸರ್ಕಾರವೇ ವಕೀಲರನ್ನು ಕೊಡುತ್ತದೆಂಬ ಸಂಗತಿಯನ್ನು ವಿವರವಾಗಿ ತಿಳಿಸಲಾಗುತ್ತದೆ. ಸಹಾಯವಾಣಿ 15100 ಎಂಬುದನ್ನು ಎರಡೆರಡು ಸಲ ಹೇಳಿಸಿ ಬಾಯಿಪಾಠ ಮಾಡಿಸುವುದೂ ಉಂಟು. ಮೊಬೈಲ್ ಇರುವವರೆಲ್ಲ ಅದನ್ನು ಬರೆದುಕೊಳ್ಳುತ್ತಾರೆ. ಮೊಬೈಲನ್ನು ಜೈಲಿನ ಗೇಟಿನಲ್ಲಿಯೇ ಒಪ್ಪಿಸಿ ಒಳಗೆ ಹೋದವರು ಆ ಸಭೆಗೆ ಬರುವಂತಿಲ್ಲವಾದ್ದರಿಂದ ಅವರ ಕುರಿತು ಭಾಷಣಕಾರರು ನಿಶ್ಚಿಂತರಾಗಿ ಮರುಕಪಡಬಹುದು.

ಅದೇ ಊರಿನ ಕೇಂದ್ರ ಕಾರಾಗೃಹದಲ್ಲಿ ಕುಳಿತ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಜೀನ್ಸ್ ಪ್ಯಾಂಟ್ ಹೊಲಿಯುವ ಘಟಕವೊಂದರಲ್ಲಿ ದಿನಗೂಲಿಗೆ ದುಡಿಯುತ್ತಿದ್ದವನು, ಆರೋಪ ಬೈಕ್ ಕಳವಿನದು. ಅವನಿಗೆ ಉಚಿತ ವಕೀಲರು ಸಿಕ್ಕಿದ್ದಾರೆ, ಅರ್ಜಿ ಹಾಕಿದ್ದಾರೆ, ನ್ಯಾಯಾಲಯ ಜಾಮೀನನ್ನೂ ಕೊಟ್ಟಿದೆ. ಕಾನೂನಿನ ದೃಷ್ಟಿಯಲ್ಲಿ ಅವನು ಮನೆಗೆ ಹೋಗಬಹುದಾದ ಮನುಷ್ಯ. ಆದರೆ ಐವತ್ತು ಸಾವಿರ ರೂಪಾಯಿಯ ಬಾಂಡಿನ ಜೊತೆಗೆ ಅಷ್ಟೇ ಮೊತ್ತಕ್ಕೆ ಹೊಣೆಯಾಗಬಲ್ಲ ಒಬ್ಬ ಜಾಮೀನುದಾರ, ಆ ಜಾಮೀನುದಾರನ ಹೆಸರಿನಲ್ಲೊಂದು ಪಹಣಿ, ಅಂದರೆ ಜಮೀನಿನ ದಾಖಲೆ, ಬೇಕು.

ಪಹಣಿ ಇಲ್ಲವೆಂದಲ್ಲ. ಸಿರುಗುಪ್ಪದ ಕಡೆ ಎರಡೂವರೆ ಎಕರೆ ಹೊಲವಿದೆ, ಅದು ತಾತನ ಹೆಸರಿನಲ್ಲಿದೆ. ತಾತ ತೀರಿಕೊಂಡು ವರ್ಷಗಳು ಕಳೆದರೂ ಪೌತಿ ಖಾತೆಯಾಗಿ ಹೊಲ ವಾರಸುದಾರರ ಹೆಸರಿಗೆ ಬಂದಿಲ್ಲವಾದ್ದರಿಂದ ಕಂದಾಯ ಇಲಾಖೆಯ ದಾಖಲೆಯಲ್ಲಿ ಅವರು ಇಂದಿಗೂ ಕಟ್ಟುಮಸ್ತಾಗಿ ಬೇಸಾಯ ಮಾಡಿಕೊಂಡಿದ್ದಾರೆ. ಇಡೀ ಮನೆತನದಲ್ಲಿ ಜಾಮೀನು ನಿಲ್ಲುವ ಯೋಗ್ಯತೆ ಇರುವುದು ಆ ಒಬ್ಬ ಹಿರಿಯರಿಗೆ ಮಾತ್ರ. ಅಪ್ಪ, ಅವ್ವ, ಅಣ್ಣಂದಿರು ಬದುಕಿರುವುದು ನಿಜವಾದರೂ ಅವರೆಲ್ಲ ಬೆಂಗಳೂರಿಗೆ ಗುಳೆ ಹೋಗಿ, ಯಾರದೋ ಕಟ್ಟಡದ ಗಾರೆ ಕೆಲಸದಲ್ಲಿದ್ದಾರೆ.

1978ರಲ್ಲಿಯೇ ಇಂಥದೊಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ ಮ್ಯಾಜಿಸ್ಟ್ರೇಟರು, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಸಹೋದರನ ಹೊಣೆಗಾರಿಕೆಯನ್ನು ತಿರಸ್ಕರಿಸಿದ್ದರು. ಬಡವನಿಗೆ ಇದು ಅನ್ಯಾಯವೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪನ್ನು ಕಾನೂನು ಕಾಲೇಜುಗಳಲ್ಲಿ ಇಂದಿಗೂ ಓದಿಸುತ್ತಾರೆ. ಓದಿ ಹೊರಬಂದವರು ಕೋರ್ಟಿನ ಆವರಣಕ್ಕೆ ಬಂದು ಮೊದಲು ಕೇಳುವ ಪ್ರಶ್ನೆ ಮಾತ್ರ, "ಪಹಣಿ ಯಾರ ಹೆಸರಲ್ಲೈತಿ?" ಎಂಬುದೇ ಆಗಿರುತ್ತದೆ. ಹೀಗಾಗಿಯೇ ಬಾಡಿಗೆ ಜಾಮೀನುದಾರನೆಂಬ ಉಪಕಾರಿಯೂ ಹುಟ್ಟಿಕೊಂಡಿದ್ದಾನೆ. ಅವನು ಬೆಳಿಗ್ಗೆಯಷ್ಟೇ ಹೆಸರು ಕೇಳಿದ ಆರೋಪಿಯನ್ನು ಬಾಲ್ಯದಿಂದ ಬಲ್ಲೆನೆಂದು ಸಂಜೆಯೊಳಗೆ ಪ್ರಮಾಣ ಮಾಡಿ, ತನ್ನ ದಕ್ಷಿಣೆ ಎಣಿಸಿಕೊಂಡು ಚಹಾದಂಗಡಿಯತ್ತ ನಡೆಯುತ್ತಾನೆ. ಇಡೀ ವ್ಯವಸ್ಥೆಯಲ್ಲಿ ಹೇಳಿದ ಹೊತ್ತಿಗೆ ಸೇವೆ ಒದಗಿಸುವವನು ಅವನೊಬ್ಬನೇ ಎಂದರೆ ಕೆಲವರಿಗೆ ಕೋಪ ಬರಬಹುದು.

ಕೇಂದ್ರ ಸರ್ಕಾರಕ್ಕೆ ಇದೆಲ್ಲ ತಿಳಿದಿಲ್ಲವೆಂದು ಭಾವಿಸಬಾರದು. ಹಣವಿಲ್ಲದೆ ಒಳಗುಳಿದ ವಿಚಾರಣಾಧೀನ ಕೈದಿಗೆ ನಲವತ್ತು ಸಾವಿರ ರೂಪಾಯಿಯವರೆಗೆ, ದಂಡ ಕಟ್ಟಲಾಗದ ಶಿಕ್ಷಿತನಿಗೆ ಇಪ್ಪತ್ತೈದು ಸಾವಿರದವರೆಗೆ ನೆರವು ನೀಡುವ ಯೋಜನೆಯನ್ನು 2023ರಲ್ಲಿ ರೂಪಿಸಲಾಯಿತು. ಅದನ್ನು ಮಂಜೂರು ಮಾಡಲು ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲಿನ ಅಧೀಕ್ಷಕರು ಹಾಗೂ ಒಬ್ಬ ನ್ಯಾಯಾಧೀಶರು ಸಮಿತಿಯಾಗಿ ಕೂರಬೇಕು. ಕಾಲುವೆಯ ಕೊನೆಯ ಹೊಲಕ್ಕೆ ತುಂಗಭದ್ರೆಯ ನೀರು ಬರಲಿಲ್ಲವೆಂಬ ಗಲಾಟೆ, ಸಚಿವರ ಪ್ರವಾಸ, ಪ್ರಗತಿ ಪರಿಶೀಲನಾ ಸಭೆ, ಉತ್ಸವದ ಬಂದೋಬಸ್ತು ಇವೆಲ್ಲವನ್ನೂ ದಾಟಿ ಈ ಐವರಿಗೂ ಒಂದೇ ದಿನ ಬಿಡುವಾಗುವುದು ಪಂಚಾಂಗದಲ್ಲಿ ಹುಡುಕಬೇಕಾದ ಯೋಗ. ಬಿಡುವಾಯಿತೆಂದೇ ಇಟ್ಟುಕೊಳ್ಳಿ. ಸರ್ಕಾರ ರೂಪಾಯಿಯನ್ನು ಮಂಜೂರು ಮಾಡಬಲ್ಲದು, ಹೊಲವಿರುವ ಸೋದರಮಾವನನ್ನು ಮಂಜೂರು ಮಾಡಲಾರದು.

ಇಷ್ಟಕ್ಕೂ ನಿರಾಶರಾಗಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಸ್ವಂತ ಬಾಂಡಿನ ಮೇಲೆಯೇ ಬಿಡಬೇಕು, ಅದಕ್ಕಾಗಿ ಜೈಲಿನ ಅಧೀಕ್ಷಕರೇ ನ್ಯಾಯಾಲಯಕ್ಕೆ ಬರೆಯಬೇಕು. ಕಳವಿಗೆ ಮೂರು ವರ್ಷವೆಂದರೆ ನಮ್ಮ ತರುಣ ಒಂದು ವರ್ಷ ತಾಳ್ಮೆಯಿಂದ ಕುಳಿತರೆ ಸಾಕು, ತಾತನ ಹಂಗಿಲ್ಲದೆ ಹೊರಬರಬಹುದು. ಸಣ್ಣದೊಂದು ತೊಡಕೆಂದರೆ, ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿದ್ದವನಿಗೆ ಈ ಸೌಲಭ್ಯವಿಲ್ಲ. ಒಂದು ಬೈಕಿನೊಂದಿಗೆ ಸಿಕ್ಕಿಬಿದ್ದವನ ತಲೆಗೆ ಠಾಣೆಯಲ್ಲಿ ಬಗೆಹರಿಯದೆ ಉಳಿದ ಇನ್ನಿತರ ಬೈಕುಗಳನ್ನೂ ಕಟ್ಟುವ ಉದಾರತೆ ನಮ್ಮ ವ್ಯವಸ್ಥೆಗಿದೆ.

ಅವನು ಇನ್ನೂ ಸ್ವಲ್ಪ ಎಳೆಯನಾಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಹದಿನೆಂಟು ತುಂಬದವನನ್ನು, ಕೆಲವು ಅಪವಾದಗಳ ಹೊರತು, ಜಾಮೀನುದಾರರಿದ್ದರೂ ಇಲ್ಲದಿದ್ದರೂ ಬಿಡಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ, ಅವನನ್ನು ಲಾಕಪ್ಪಿನಲ್ಲಿ ಇಡುವಂತೆಯೂ ಇಲ್ಲ. ವಯಸ್ಸಿಗೆ ಶಾಲೆಯ ದಾಖಲೆಯೇ ಮೊದಲ ಸಾಕ್ಷಿ. ಆದರೆ ಒಂದನೆಯ ತರಗತಿಗೆ ಸೇರಿಸುವಾಗ ಹೆಡ್‌ಮಾಸ್ತರರು ಲೆಕ್ಕ ಸರಿಹೊಂದಲೆಂದು ಬರೆದುಕೊಂಡ ತಾರೀಖಿನ ಕೃಪೆಯಿಂದ ನಮ್ಮ ಕಡೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಹೀಗಾಗಿ ಮೇ 31ರ ರಾತ್ರಿ ಬೈಕ್ ಕದ್ದನೆಂಬ ಆರೋಪವಿದ್ದರೆ ಅವನು ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು, ಮರುದಿನ ಕದ್ದನೆಂದರೆ ಪಹಣಿ ತರಬೇಕಾದ ಗಂಡಸು.

ಇದೆಲ್ಲ ನಿಧಾನವಾಗುವುದು ಬಳ್ಳಾರಿ ದೂರವೆಂಬ ಕಾರಣಕ್ಕೆಂದು ಯಾರಾದರೂ ವಾದಿಸಿದರೆ ನಂಬಬಾರದು. 2024ರ ಆಗಸ್ಟ್‌ನಲ್ಲಿ ಸಿನಿಮಾ ನಟರೊಬ್ಬರನ್ನು ಬೆಂಗಳೂರಿನಿಂದ ಇಲ್ಲಿಯ ಜೈಲಿಗೆ ತಂದಾಗ ವಾಹಿನಿಗಳ ವಾಹನಗಳು ಗೇಟಿನ ಮುಂದೆ ಬೀಡುಬಿಟ್ಟಿದ್ದವು. ಅಕ್ಟೋಬರ್ 30ರಂದು ಹೈಕೋರ್ಟು ಮಧ್ಯಂತರ ಜಾಮೀನು ನೀಡಿದ ದಿನವೇ ಅವರು ಹೊರಬಂದರು. ಅದು ಕಾನೂನುಬದ್ಧವಾಗಿಯೇ ನಡೆಯಿತು, ಆಕ್ಷೇಪವೇನಿಲ್ಲ. ಆದೇಶದ ಪ್ರತಿ ಸುಮಾರು ಮುನ್ನೂರು ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ದಾಟಬಲ್ಲದೆಂಬುದು ಅಂದು ಜಿಲ್ಲೆಗೆಲ್ಲ ಸಾಬೀತಾಯಿತು.

ನಮ್ಮ ಜೀನ್ಸ್ ಹುಡುಗನಿಗೆ ಅಷ್ಟು ಅವಸರವೇನೂ ಇಲ್ಲ. ಜಾಮೀನು ಸಿಕ್ಕು ಏಳು ದಿನವಾದರೂ ಬಿಡುಗಡೆಯಾಗದವನ ಹೆಸರನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೆ ಷರತ್ತನ್ನು ಸಡಿಲಿಸುವುದನ್ನು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಅಷ್ಟಾದರೂ ನಡೆದರೆ ಸಾಕು. ಅದೂ ಭಾರವೆನಿಸುವುದಾದರೆ ಕಂದಾಯ ಇಲಾಖೆ ತನ್ನ ಮುಂದಿನ ಪೌತಿ ಖಾತೆ ಆಂದೋಲನವನ್ನು ಕೇಂದ್ರ ಕಾರಾಗೃಹದೊಳಗೇ ಹಮ್ಮಿಕೊಳ್ಳಲಿ. ಗ್ರಾಮ ಆಡಳಿತ ಅಧಿಕಾರಿಗೊಂದು ಮೇಜು ಕುರ್ಚಿ ಹಾಕಿಸಿ, ತಾತಂದಿರ ಮರಣ ಪ್ರಮಾಣಪತ್ರಗಳನ್ನು ಗೇಟಿನಲ್ಲಿಯೇ ಪರಿಶೀಲಿಸಬಹುದು. ಮೂಲ ಪ್ರತಿಯ ಜೊತೆ ಎರಡು ಜೆರಾಕ್ಸ್ ತರುವುದನ್ನು ಮಾತ್ರ ಕೈದಿಗಳು ಮರೆಯಬಾರದು.