ಇಪ್ಪತ್ತು ಪರ್ಸೆಂಟಿನ ಊಟ

ಇಪ್ಪತ್ತು ಪರ್ಸೆಂಟ್ ಎಂದರೆ ಐದರಲ್ಲಿ ಒಂದು ಪಾಲು. ಈ ಲೆಕ್ಕ ನಮ್ಮ ಯಜಮಾನರಿಗೂ ಬರುತ್ತದೆ. ಯಾವುದರ ಐದರಲ್ಲಿ ಒಂದು ಪಾಲು ಎಂದು ಮಾತ್ರ ಕೇಳಬಾರದು. ಕೇಳಿದರೆ "ಕಾಲೇಜಿನ ಪಾಠ ಕಾಲೇಜಿನ್ಯಾಗ ಬಿಟ್ಟು ಬಾ" ಎನ್ನುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಹುಡುಗರಿಗೆ ಅಕೌಂಟೆನ್ಸಿ ಹೇಳಿಕೊಡುವವಳು. ನನ್ನ ಪಾಠ ಅಲ್ಲಿ ಕೇಳುವವರು ಕಡಿಮೆ, ಮನೆಯಲ್ಲಂತೂ ಯಾರೂ ಇಲ್ಲ. ಒಂದು ಕೊಂಡರೆ ಒಂದು ಉಚಿತ ಅಂತ ನಮ್ಮ ಮನೆಗೆ ಎರಡು ಇಸ್ತ್ರಿ ಪೆಟ್ಟಿಗೆ ಬಂದಿವೆ. ಇಸ್ತ್ರಿ ಮಾಡುವವಳು ಮಾತ್ರ ನಾನೊಬ್ಬಳೇ.

ಈ ಸಲ ಬೇಸಿಗೆ ರಜೆಯಲ್ಲಿ ಮಕ್ಕಳು ವಾಟರ್ ಪಾರ್ಕ್ ಬೇಕು ಎಂದು ಹಟ ಹಿಡಿದರು. ಹಾವೇರಿ ಕಡೆಯ ಹೆದ್ದಾರಿ ಬದಿಗೆ ಒಂದಿದೆ. ಹೆಸರು ಬೇಡ ಬಿಡಿ. ಅತ್ತೆ, ಮಾವ, ನಾವಿಬ್ಬರು, ಮಕ್ಕಳಿಬ್ಬರು ಒಂದೇ ಗಾಡಿಯಲ್ಲಿ ಹೊರಟೆವು. ದಾರಿಯಲ್ಲಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಬಂದಾಗ ಮಾವನವರು ಅಲ್ಲೇ ಇಳಿಯೋಣ ಎಂದರು. ಹಳ್ಳಿ ಬದುಕಿನ ಗೊಂಬೆಗಳನ್ನು ಅಲ್ಲಿ ನಿಜವೇ ಅನ್ನಿಸುವ ಹಾಗೆ ಮಾಡಿದ್ದಾರೆ. ಅತ್ತೆ ಒಪ್ಪಲಿಲ್ಲ. "ಖರೇ ಎಮ್ಮಿ ಕಟ್ಟಿ ಸಾಕಾಗೈತಿ, ಗೊಂಬಿ ಎಮ್ಮಿ ಏನ್ ನೋಡೂದು" ಎಂದರು. ಗಾಡಿ ಮುಂದೆ ಹೋಯಿತು.

ಟಿಕೆಟ್ ಕೊಂಡು ಈಚೆ ಬರುತ್ತಿದ್ದಂತೆ ಹಳದಿ ಟೀ ಶರ್ಟಿನ ಒಬ್ಬ ಹುಡುಗ ಅಡ್ಡ ಬಂದ. ಕೈಯಲ್ಲಿ ಮಿರಿಮಿರಿ ಮಿಂಚುವ ಕಾರ್ಡು. "ಸರ್, ಫ್ಯಾಮಿಲಿ ಫುಡ್ ಕಾರ್ಡ್. ಒಳಗಿನ ಎಲ್ಲಾ ರೆಸ್ಟೋರೆಂಟಿನ್ಯಾಗ ಇಪ್ಪತ್ತು ಪರ್ಸೆಂಟ್ ಆಫ್. ಒಂದ್ ವರ್ಷ ನಡೀತೈತಿ. ಆರ್ ಮಂದಿ ತಿನ್ನಬಹುದು." ನಾವೂ ಆರೇ ಮಂದಿ! ನಮ್ಮ ಯಜಮಾನರ ಮುಖ ನೋಡಬೇಕಿತ್ತು. ಈ ಕಾರ್ಡನ್ನು ನಮ್ಮನ್ನು ಎಣಿಸಿಯೇ ಮಾಡಿದ್ದಾರೆ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು.

"ಎಷ್ಟಪಾ?"

"ಬರೇ 1,499 ಸರ್. ಪ್ಲಸ್ ಜಿಎಸ್‌ಟಿ."

ಪ್ಲಸ್ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹದಿನೆಂಟು ಪರ್ಸೆಂಟ್ ಸೇರಿಸಿದರೆ 1,768 ರೂಪಾಯಿ 82 ಪೈಸೆ. ನಾನು ಕಾರ್ಡಿನ ಹಿಂದೆ ಏನು ಬರೆದಿದೆ ಎಂದು ನೋಡಿದೆ. ಅಲ್ಲಿ ಅಕ್ಷರಗಳು ಸಾಸಿವೆ ಕಾಳಿನಷ್ಟಿದ್ದವು. ರವಿವಾರ ನಡೆಯುವುದಿಲ್ಲ. ಸರಕಾರಿ ರಜೆಗೂ ನಡೆಯುವುದಿಲ್ಲ. ಬಿಲ್ಲು 800 ದಾಟಿರಬೇಕು. ಐಸ್‌ಕ್ರೀಮ್ ಗಾಡಿಗೂ ಗಿರ್ಮಿಟ್ ಅಂಗಡಿಗೂ ಕಾರ್ಡು ಇಲ್ಲ. ಅಂದರೆ ನಮ್ಮ ಮಕ್ಕಳು ಏನು ತಿನ್ನುತ್ತಾರೋ, ನಾವು ಏನು ತಿನ್ನುತ್ತೇವೋ, ಅದನ್ನೇ ಆರಿಸಿ ಹೊರಗಿಟ್ಟಿದ್ದರು.

ಇಲ್ಲಿ ನನ್ನ ಅಕ್ಕನ ಮಗಳ ವಿಷಯ ಹೇಳಬೇಕು. ಅವಳಿರುವುದು ಅಮೆರಿಕದ ಆರ್ಲಾಂಡೋದಲ್ಲಿ, ಡಿಸ್ನಿ ವರ್ಲ್ಡ್ ಇರುವ ಊರಿನಲ್ಲಿ. 1971ರಿಂದ ಇರುವ ಜಾಗ, ಈಗ ನಾಲ್ಕು ಥೀಮ್ ಪಾರ್ಕ್‌ಗಳಿವೆ. ಅಲ್ಲಿಯೂ ಹಿಂದೆ ಇಂಥದೇ ಒಂದು ಕಾರ್ಡು ಇತ್ತು, ಟೇಬಲ್ಸ್ ಇನ್ ವಂಡರ್‌ಲ್ಯಾಂಡ್ ಅಂತ. ವರ್ಷದ ಪಾಸ್ ಇದ್ದವರಿಗೆ 150 ಡಾಲರ್. ಊಟಕ್ಕೂ ಕುಡಿತಕ್ಕೂ 20 ಪರ್ಸೆಂಟ್ ಕಡಿತ. ಕಾರ್ಡು ಇದ್ದವರ ಜೊತೆ ಕೂತ ಬಳಗಕ್ಕೂ ಸಿಗುತ್ತಿತ್ತು, ಒಟ್ಟು ಹತ್ತು ಮಂದಿವರೆಗೆ. ಆದರೆ ಬಿಲ್ಲಿಗೆ 18 ಪರ್ಸೆಂಟ್ ಟಿಪ್ಸ್ ತಾನಾಗಿಯೇ ಸೇರುತ್ತಿತ್ತು.

ಆಗ ವಿಡಿಯೋ ಕಾಲಿನಲ್ಲಿ ಇದನ್ನು ಕೇಳಿಸಿಕೊಂಡ ನಮ್ಮ ಯಜಮಾನರು "ಇಪ್ಪತ್ತರಾಗ ಹದಿನೆಂಟು ಹೋದ್ರ ಎರಡ ಉಳೀತು. ಎರಡ ಪರ್ಸೆಂಟಿಗೆ ಯಾಕವ್ವಾ ಇಷ್ಟು ಗದ್ದಲ?" ಎಂದಿದ್ದರು. ಹಾಗಲ್ಲ. ಅಲ್ಲಿ ಬಡಿಸುವವರಿಗೆ ಕೈಗೆ ಬರುವುದು ಹೆಚ್ಚು ಟಿಪ್ಸಿನಿಂದಲೇ. ಕಾರ್ಡು ಇದ್ದರೂ ಇಲ್ಲದಿದ್ದರೂ ಕೊಡಲೇಬೇಕು. ಅದನ್ನು ಕಾರ್ಡಿನ ತಲೆಗೆ ಕಟ್ಟಬಾರದು. ಕಟ್ಟಬೇಕಾದ ಲೆಕ್ಕ ಬೇರೆ. 150 ಡಾಲರ್ ವಾಪಸು ಬರಬೇಕಾದರೆ ವರ್ಷಕ್ಕೆ 750 ಡಾಲರಿನ ಊಟ ಮಾಡಬೇಕು. ನಮ್ಮ ರೂಪಾಯಿಯಲ್ಲಿ ಅರ್ಧ ಲಕ್ಷದ ಮೇಲೆ. ಪಾರ್ಕಿನ ಪಕ್ಕದಲ್ಲೇ ಮನೆ ಇದ್ದು, ಮನೆಗೆ ಬಂದ ನೆಂಟರನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋಗುವವರಿಗೆ ಅದು ದೊಡ್ಡ ಮಾತಲ್ಲ. ನಮ್ಮ ಹುಡುಗಿ ಕೊಳ್ಳಲಿಲ್ಲ. ಅವಳು ನಮ್ಮ ಅತ್ತೆಯ ಶಿಷ್ಯೆ, ಅಲ್ಲಿಯೂ ಡಬ್ಬಿ ಕಟ್ಟಿಕೊಂಡು ಹೋಗುತ್ತಾಳೆ. ಕೊರೊನಾ ಬಂದ ಮೇಲೆ ಆ ಕಾರ್ಡೇ ನಿಂತುಹೋಯಿತು.

ನಮ್ಮ ದೇಶದಲ್ಲಿ ಈ ಟಿಪ್ಸಿನ ತಲೆನೋವಿಲ್ಲ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿಯೇ ಸೇರಿಸುವಂತಿಲ್ಲ ಎಂದು ಗ್ರಾಹಕರ ರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಇಲ್ಲಿ ಊಟದ ಮೇಲೆ ಬರುವುದು ಐದು ಪರ್ಸೆಂಟ್ ಜಿಎಸ್‌ಟಿ. ಅದೂ ಬಿಲ್ಲಿನಲ್ಲೇ ಕಡಿತ ತೋರಿಸಿದರೆ ಕಡಿತವಾದ ಮೇಲಿನ ಮೊತ್ತಕ್ಕೆ ಮಾತ್ರ.

ಹಾಗಾಗಿ ನಾನು ಕೌಂಟರಿನ ಪಕ್ಕದಲ್ಲೇ ನಿಂತು, ಟಿಕೆಟಿನ ಹಿಂಬದಿಗೆ ಲೆಕ್ಕ ಬರೆದೆ. ಒಳಗಿನ ರೇಟು ನೋಡಿದರೆ ಆರು ಮಂದಿಗೆ ಒಂದು ಊಟ 1,500 ಎಂದಿಟ್ಟುಕೊಳ್ಳಿ. ಕಾರ್ಡು ಇಲ್ಲದಿದ್ದರೆ ಟ್ಯಾಕ್ಸ್ ಸೇರಿ 1,575. ಇದ್ದರೆ 1,260. ಉಳಿತಾಯ 315. ಕಾರ್ಡಿನ ರೊಕ್ಕ ಹುಟ್ಟಬೇಕಾದರೆ ಆರು ಸಲ ಉಣ್ಣಬೇಕು. ಬರೀ 1,499 ಆಗಿದ್ದರೆ ಐದಕ್ಕೇ ಮುಗಿಯುತ್ತಿತ್ತು. ಆ ಪ್ಲಸ್ ಜಿಎಸ್‌ಟಿ ಒಂದು ಊಟ ಜಾಸ್ತಿ ಮಾಡಿಸಿತು.

"ಆರ್ ಸಲ ಅಲಾ? ವರ್ಷದಾಗ ಬರೂದಿಲ್ಲೇನು?" ಎಂದರು ನಮ್ಮ ಯಜಮಾನರು.

"ಬರ್ರಿ. ಒಂದ್ ಸಲಕ್ಕ ಎಲ್ಲಾರ್ದು ಟಿಕೆಟ್ 4,500. ಇವತ್ತಿಂದು ಬಿಟ್ಟು ಇನ್ನ ಐದ್ ಸಲ. 22,500 ಆತು. ಪೆಟ್ರೋಲ್ ಬ್ಯಾರೆ."

"ಟಿಕೆಟ್ ಬ್ಯಾರೆ, ಊಟ ಬ್ಯಾರೆ. ಎರಡೂ ಯಾಕ ಕೂಡಸ್ತಿ?"

ಈ ಮಾತಿಗೆ ನನ್ನ ಪುಸ್ತಕದಲ್ಲಿ ಉತ್ತರವಿಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಹಾಕಿ ಮುಂದಿನ ಪೇಪರಿಗೆ ಹೋಗುತ್ತಿದ್ದೆ.

ಮಾವನವರು ಅಲ್ಲಿಯವರೆಗೂ ಸುಮ್ಮನಿದ್ದರು. ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಇದರಾಗ ಚೌಕ ಎಲ್ಲದಾವು?" ಎಂದು ಕೇಳಿದರು. ಅವರು ರೋಣದ ಕಡೆಯವರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಊಟದ ಕಾರ್ಡು ಎಂದರೆ ಅವರ ತಲೆಯಲ್ಲಿ ಖಾನಾವಳಿಯ ಕಾರ್ಡು. ತಿಂಗಳ ಮೊದಲಿಗೆ ರೊಕ್ಕ ಕಟ್ಟಿದರೆ ರಟ್ಟಿನ ಚೀಟಿ ಕೊಡುತ್ತಿದ್ದರು. ಅದರಲ್ಲಿ ಹೊತ್ತಿಗೊಂದರಂತೆ ಚೌಕ. ಉಂಡಾಗೊಮ್ಮೆ ಒಂದು ಚೌಕಕ್ಕೆ ಗೀಟು. ರೊಟ್ಟಿ ಎಷ್ಟು ತಿಂದರೂ ಒಂದೇ ಗೀಟು. ರೋಣ, ನರಗುಂದದ ಹುಡುಗರು ಸಾಲಾಗಿ ಬಂದು ಕೂತರೆ ಮಾಲೀಕರ ಎದೆ ಧಸಕ್ ಎನ್ನುತ್ತಿತ್ತಂತೆ. ಅವರು ನಷ್ಟ ತುಂಬಿಕೊಳ್ಳುತ್ತಿದ್ದದ್ದು ಹಬ್ಬಗಳಲ್ಲಿ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹುಡುಗರು ಚರಗ ಚೆಲ್ಲಲು ಊರಿಗೆ ಓಡುತ್ತಿದ್ದರು. ಆ ಚೌಕಗಳು ಖಾಲಿ ಉಳಿಯುತ್ತಿದ್ದವು. ಮಾವನವರ ರೂಮಿನ ಹುಡುಗರು ಇದಕ್ಕೂ ದಾರಿ ಹುಡುಕಿದ್ದರು. ಊರಿಗೆ ಹೋಗುವವನು ಕಾರ್ಡನ್ನು ಉಳಿದವನ ಕೈಗೆ ಕೊಟ್ಟು ಹೋಗುತ್ತಿದ್ದ. ಉಳಿದವನು ತನ್ನ ಹೆಸರಿನಲ್ಲಿ ಹನ್ನೆರಡಕ್ಕೆ, ಗೆಳೆಯನ ಹೆಸರಿನಲ್ಲಿ ಎರಡಕ್ಕೆ ಉಣ್ಣುತ್ತಿದ್ದ. ಮಾಲೀಕರಿಗೆ ಗೊತ್ತಿತ್ತು. ಆದರೂ ಬಡಿಸುತ್ತಿದ್ದರು.

ಆ ಕಾರ್ಡಿನ ಮುಂದೆ ಈ ಕಾರ್ಡು ಏನೂ ಅಲ್ಲ ಎಂದು ನನಗೂ ಅನ್ನಿಸಿತು. ಅಲ್ಲಿ ರೊಕ್ಕ ಕೊಟ್ಟರೆ ಊಟ ಸಿಗುತ್ತಿತ್ತು. ಇಲ್ಲಿ ರೊಕ್ಕ ಕೊಟ್ಟರೆ ಮತ್ತೆ ರೊಕ್ಕ ಕೊಡುವ ಅವಕಾಶ ಸಿಗುತ್ತದೆ. ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆಗೆ ಯಾರಾದರೂ ರಿಯಾಯಿತಿ ಕಾರ್ಡು ಕೇಳಿದ್ದನ್ನು ನೀವು ನೋಡಿದ್ದೀರಾ? ಬಿಸಿಲಲ್ಲಿ ಸಾಲು ನಿಂತು, ಹೇಳಿದಷ್ಟು ಕೊಟ್ಟು ತರುತ್ತೇವೆ. ದುರ್ಗದಬೈಲಿನ ಮಿರ್ಚಿಗೂ ಅಷ್ಟೇ.

ಈ ಚರ್ಚೆ ನಡೆಯುವಾಗ ಅತ್ತೆ ಗೇಟಿನಲ್ಲಿ ಸಿಕ್ಕಿಬಿದ್ದಿದ್ದರು. ಚೀಲ ತಪಾಸಣೆ. ಸೆಕ್ಯೂರಿಟಿಯ ಹುಡುಗ ಕುಂದಗೋಳದ ಕಡೆಯವನು. ಒಂದೊಂದೇ ತೆಗೆದು ಟೇಬಲ್ಲಿನ ಮೇಲೆ ಇಡುತ್ತಿದ್ದ. ಕಟಕ್ ರೊಟ್ಟಿ. ಎಣ್ಣೆಗಾಯಿ. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ. ಗಟ್ಟಿ ಮೊಸರಿನ ಡಬ್ಬಿ. ಸೌತೆಕಾಯಿ, ಮೆಂತ್ಯೆ ಪಲ್ಯೆ, ಉಳ್ಳಾಗಡ್ಡಿ. ಕೊನೆಗೆ ಮಾದಲಿ ಕೂಡ ಹೊರಬಂತು. ಹಿಂದೆ ನಿಂತಿದ್ದ ಜನ ಸಾಲು ಬಿಟ್ಟು ಟೇಬಲ್ಲಿನ ಸುತ್ತ ನೆರೆದಿದ್ದರು.

"ಆಯಿ, ಹೊರಗಿನ ಊಟ ಒಳಗ ಬಿಡಂಗಿಲ್ಲ."

"ಹೊರಗಿಂದು ಅಲ್ಲೋ ತಮ್ಮಾ, ಮನೀದು."

ಹುಡುಗನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾನು ಹೋಗಿ ಅತ್ತೆಗೆ ಸಮಾಧಾನ ಹೇಳಿದೆ. ಸಿನಿಮಾ ಮಂದಿರದವರು ಹೊರಗಿನ ತಿಂಡಿ ತಡೆಯಬಹುದು, ಆದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಇಲ್ಲಿಯೂ ಅದೇ ರೂಢಿ ಇರಬೇಕು ಎಂದೆ. "ಕೋರ್ಟಿನವ್ರು ನನ್ ರೊಟ್ಟಿ ತಿಂದಾರೇನು?" ಎಂದರು ಅತ್ತೆ. ಒಳಗಿನ ಹೋಟೆಲಿನಲ್ಲಿ ಸಸ್ಯಾಹಾರ, ಮಾಂಸಾಹಾರ ಎರಡಕ್ಕೂ ಒಂದೇ ಅಡುಗೆಮನೆ ಎಂದು ಅವರು ಆಗಲೇ ಯಾರನ್ನೋ ಕೇಳಿ ತಿಳಿದಿದ್ದರು. ಅವರು ಅಲ್ಲಿ ಹನಿ ನೀರನ್ನೂ ಮುಟ್ಟುವವರಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ, ಜೋಳದ ರೊಟ್ಟಿ ಬಿಟ್ಟು ಬೇರೆ ಬೇಡ. ಅಲ್ಲಿಗೆ ಆರು ಮಂದಿಯ ಕಾರ್ಡಿಗೆ ಉಳಿದವರು ನಾಲ್ಕು. ಎಣ್ಣೆಗಾಯಿಯ ವಾಸನೆ ಮೂಗಿಗೆ ಬಡಿದ ಮೇಲೆ ನಾನೂ ಉಳಿಯಲಿಲ್ಲ.

ಸೆಕ್ಯೂರಿಟಿ ಹುಡುಗನೇ ದಾರಿ ತೋರಿಸಿದ. ಕೈಗೆ ಕಟ್ಟಿದ ಪಟ್ಟಿ ಬಿಚ್ಚದಿದ್ದರೆ ಹೊರಗೆ ಹೋಗಿ ಮತ್ತೆ ಬರಬಹುದಂತೆ. ಮಧ್ಯಾಹ್ನ ಪಾರ್ಕಿಂಗಿನ ಬೇವಿನ ಮರದ ಕೆಳಗೆ ಚಾಪೆ ಹಾಸಿದೆವು. ನಮ್ಮ ಯಜಮಾನರು ಕಾರ್ಡಿನ ದುಃಖ ಇನ್ನೂ ಇದೆ ಎಂದು ತೋರಿಸಲು ಸ್ವಲ್ಪ ಹೊತ್ತು ಮುಖ ತಿರುಗಿಸಿ ಕೂತರು. ಮಾದಲಿಗೆ ತುಪ್ಪ ಬಿದ್ದ ಕೂಡಲೇ ಇತ್ತ ತಿರುಗಿದರು. ಸೆಕ್ಯೂರಿಟಿ ಹುಡುಗನಿಗೂ ಅತ್ತೆ ಎರಡು ರೊಟ್ಟಿ ಕಟ್ಟಿ ಕಳಿಸಿದರು. ಲಂಚವೇನಲ್ಲ, ಹೊಟ್ಟೆ ಹಸಿದಿತ್ತು ಪಾಪ.

ಸಂಜೆ ಮಕ್ಕಳು ನೀರಿನಿಂದ ಎದ್ದು ಬಂದರು. ತುಟಿ ನೀಲಿ, ಆದರೂ ಐಸ್‌ಕ್ರೀಮೇ ಬೇಕು. ಗಾಡಿಯಲ್ಲಿ ಮುಗಿದಿತ್ತು. ರೆಸ್ಟೋರೆಂಟಿಗೆ ಹೋದರೆ ಕೌಂಟರಿನ ಹತ್ತಿರ ಗದಗ-ಬೆಟಗೇರಿಯ ಒಂದು ಕುಟುಂಬ ನಿಂತಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು. ಗಂಡನ ಕೈಯಲ್ಲಿ ಅದೇ ಮಿಂಚುವ ಕಾರ್ಡು. ಬಿಲ್ಲು 640 ಆಗಿತ್ತು. ಎಂಟುನೂರು ಆಗದೆ ಕಾರ್ಡು ನಡೆಯುವುದಿಲ್ಲ ಎಂದು ಕೌಂಟರಿನವನು. ಹೊಟ್ಟೆಯಲ್ಲಿ ಜಾಗವಿಲ್ಲ ಎಂದು ಮಕ್ಕಳು. "ಇನ್ನೊಂದ್ ಪಾವ್ ಭಾಜಿ ತಿನ್ರಲೇ, ರೊಕ್ಕ ಉಳೀತೈತಿ" ಎಂದು ಅಪ್ಪ ಬೇಡಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ಬಹಳ ಗಮನವಿಟ್ಟು ಕೇಳಿಸಿಕೊಂಡರು.

ಆ ಅಕ್ಕನವರು ನಮ್ಮ ಮಕ್ಕಳನ್ನು ನೋಡಿದರು. "ಬರ್ರೀ, ನಮ್ ಕಾರ್ಡಿನ್ಯಾಗ ತಗೊಳ್ರಿ. ಆರ್ ಮಂದಿಗೆ ನಡೀತೈತಿ, ನಾವ್ ನಾಕ ಮಂದಿ ಅದೀವಿ." ಎರಡು ಐಸ್‌ಕ್ರೀಮಿಗೆ 180. ಬಿಲ್ಲು 820 ಆಯಿತು, ಕಾರ್ಡು ಮಾನ ಉಳಿಸಿಕೊಂಡಿತು. ಅವರಿಗೆ 128 ಉಳಿಯಿತು, ನಮಗೆ 36. ನಮ್ಮ ಪಾಲಿನ 151 ರೂಪಾಯಿ 20 ಪೈಸೆಯನ್ನು ನಮ್ಮ ಯಜಮಾನರು ಪೈಸೆ ಬಿಡದೆ ಫೋನಿನಲ್ಲೇ ಕಳಿಸಿದರು. "ನೋಡು, ಕಾರ್ಡಿನಿಂದ ಫಾಯದೆ ಐತೋ ಇಲ್ಲೋ?" ಎಂದರು ನನ್ನ ಕಡೆ ತಿರುಗಿ. ಇದೆ, ಬೇರೆಯವರು ಕೊಂಡಾಗ ಇದೆ. ಅಷ್ಟು ಹೊತ್ತಿಗೆ ಗದಗಿನವರೂ ಆರು ಊಟದ ಲೆಕ್ಕಕ್ಕೆ ಬಂದಿದ್ದರೆಂದು ಕಾಣುತ್ತದೆ.

"ನೀವ್ ಮತ್ತ ಯಾವಾಗ ಬರ್ತೀರಿ? ಕೂಡೇ ಬರೂಣಲ್ರಿ" ಎಂದು ನಂಬರ್ ಕೇಳಿದರು.

ಅತ್ತೆಗೆ ಮಾತು ಅರ್ಧ ಕೇಳಿಸಿತ್ತು. "ಬರೂಣಂತ" ಎಂದು ಅವರೇ ಒಪ್ಪಿಕೊಂಡುಬಿಟ್ಟರು. "ನಿಮಗೂ ಸೇರಿಸಿ ರೊಟ್ಟಿ ಕಟ್ಟಿಕೊಂಡ ಬರ್ತೀನಿ. ಊಟ ಮಾತ್ರ ಬೇವಿನ ಗಿಡದ ಕೆಳಗ."