ರೋಮ್ ನೋಡೋಕೆ ಗೈಡ್ ಜೊತೆ ಸ್ಕೂಟರ್ ಹತ್ತಬೇಕಾ? ಅಕ್ಕ-ತಂಗಿಯ ಪರ-ವಿರೋಧ

ಪರ: ಅಕ್ಕ ಬರೆದದ್ದು

ರೋಮ್‌ಗೆ ಹೋದ ಎರಡನೇ ದಿನ ಸಂಜೆಗೆ ನನ್ನ ಮಂಡಿ ಕೈಕೊಟ್ಟಿತು. ಏಳು ಬೆಟ್ಟಗಳ ಊರು ಅಂತ ಶಾಲೆಯಲ್ಲಿ ಓದಿದ್ದೆವು, ಅಲ್ವಾ? ಅಲ್ಲಿ ನಡೆದಾಗಲೇ ಅದರ ಅರ್ಥ ಗೊತ್ತಾಗುವುದು. ಒಂದು ಏರು ಮುಗಿಸಿ ಇಳಿದರೆ ಎದುರಿಗೆ ಮತ್ತೊಂದು ಏರು. ಮೂರನೇ ದಿನ ಬೆಳಿಗ್ಗೆ ನಾಲ್ಕು ಗಂಟೆ ಅವಧಿಯ ವೆಸ್ಪಾ ಸ್ಕೂಟರ್ ಟೂರ್ ತೆಗೆದುಕೊಂಡೆವು. ನಾವೇ ಓಡಿಸಲಿಲ್ಲ, ಓಡಿಸುವವರ ಹಿಂದೆ ಕೂತೆವು. ತಾವೇ ಓಡಿಸುವವರಿಗೂ ಅವಕಾಶ ಇದೆ. ಅದಕ್ಕೆ ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು, ಅದರಲ್ಲಿ ದ್ವಿಚಕ್ರ ವಾಹನಕ್ಕೂ ಅನುಮತಿ ಇರಬೇಕು. ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಹೋಗುತ್ತವೆ. ಮೊದಲ ಸಲ ಹೋದವರಿಗೆ ಹಿಂದೆ ಕೂರುವುದೇ ವಾಸಿ.

ಇದನ್ನು ಸೋಮಾರಿಗಳ ಟೂರ್ ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಎರಡು ದಿನ ನಡೆದಾಗ ರೋಮ್ ನನ್ನ ತಲೆಯಲ್ಲಿ ತುಂಡು ತುಂಡಾಗಿತ್ತು. ಇಲ್ಲೊಂದು ಕಾರಂಜಿ, ಅಲ್ಲೊಂದು ಚರ್ಚು, ನಡುವೆ ಏನಿದೆ ಅಂತ ಗೊತ್ತಿಲ್ಲ. ಸ್ಕೂಟರ್ ಮೇಲೆ ಹೋದಾಗ ಅವೆಲ್ಲ ಒಂದಕ್ಕೊಂದು ಸೇರಿಕೊಂಡವು. ಔರೇಲಿಯನ್ ಚಕ್ರವರ್ತಿ ಕ್ರಿ.ಶ. 271ರಲ್ಲಿ ಕಟ್ಟಿಸಲು ಶುರು ಮಾಡಿದ ಕೋಟೆ ಗೋಡೆ ಸುಮಾರು 19 ಕಿಲೋಮೀಟರ್ ಇತ್ತು. ಬಹುಪಾಲು ಈಗಲೂ ನಿಂತಿದೆ. ಅದರ ಪಕ್ಕದಲ್ಲೇ ಒಂದಷ್ಟು ದೂರ ಹೋದೆವು. ನೋಡ್ತಾ ನೋಡ್ತಾ ಗೋಡೆಯೊಳಗೇ ಸೇರಿಕೊಂಡ ಒಂದು ಪಿರಮಿಡ್ ಬಂತು. ಹೌದು, ಪಿರಮಿಡ್! ಸೆಸ್ಟಿಯಸ್ ಅನ್ನುವವನ ಗೋರಿ, ಎರಡು ಸಾವಿರ ವರ್ಷ ಹಳೆಯದು. ಗೋಡೆ ಕಟ್ಟುವವರು ಅದನ್ನು ಕೆಡವದೆ ಗೋಡೆಗೇ ಸೇರಿಸಿಕೊಂಡರು. ನಡೆದು ಹೋಗಿದ್ದರೆ ಅಷ್ಟು ದೂರ ನಾನಂತೂ ತಲುಪುತ್ತಿರಲಿಲ್ಲ.

ಅಲ್ಲಿಂದ ಅವೆಂಟೀನ್ ಬೆಟ್ಟ. ಮಾಲ್ಟಾದ ನೈಟ್‌ಗಳು ಅನ್ನುವ ಹಳೇ ಕ್ರೈಸ್ತ ಸಂಘಕ್ಕೆ ಸೇರಿದ ಒಂದು ಹಸಿರು ಬಾಗಿಲು, ಅದರಲ್ಲೊಂದು ಕೀಲಿಕೈ ತೂತು. ಬಗ್ಗಿ ಒಂದು ಕಣ್ಣು ಇಟ್ಟೆ. ಎರಡು ಕಡೆ ಕತ್ತರಿಸಿ ಬೆಳೆಸಿದ ಗಿಡಗಳ ಸಾಲು, ಅದರ ತುದಿಗೆ ಸರಿಯಾಗಿ ಸಂತ ಪೀಟರ್ ಚರ್ಚಿನ ಗುಮ್ಮಟ, ಬೊಟ್ಟಿನಷ್ಟು ಚಿಕ್ಕದಾಗಿ. ಹಿಂದಿನವರು ಕಾಯುತ್ತಿದ್ದರು, ಆದರೂ ಬೇಗ ಏಳೋಕೆ ಮನಸ್ಸಾಗಲಿಲ್ಲ. ಆಮೇಲೆ ನದಿ ದಾಟಿ ಜಾನಿಕೊಲೊ ಬೆಟ್ಟ. ಅಲ್ಲಿ ಪ್ರತಿದಿನ ಮಧ್ಯಾಹ್ನ 12ಕ್ಕೆ ತೋಪು ಹಾರಿಸುತ್ತಾರೆ. ಊರಿನ ಚರ್ಚುಗಳ ಗಂಟೆಗಳೆಲ್ಲ ಒಂದೇ ಸಮಯಕ್ಕೆ ಹೊಡೆಯಲಿ ಅಂತ 1847ರಲ್ಲಿ ಪೋಪ್ ಒಂಬತ್ತನೇ ಪಯಸ್ ಶುರು ಮಾಡಿಸಿದ್ದು. ತೋಪು ಈ ಬೆಟ್ಟಕ್ಕೆ ಬಂದದ್ದು 1904ರಲ್ಲಿ. ಗೈಡ್ ಗಡಿಯಾರ ನೋಡಿಕೊಂಡು ಸರಿಯಾದ ಹೊತ್ತಿಗೆ ಕರೆದುಕೊಂಡು ಹೋದರು. ಸದ್ದಿಗೆ ಎದೆ ಝಲ್ ಅಂತು.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಹತ್ತಿರ. ನಮ್ಮ ಅಪ್ಪನ ಹತ್ತಿರ ಚೇತಕ್ ಇತ್ತು. ಸ್ಟಾರ್ಟ್ ಆಗದಿದ್ದರೆ ಒಂದು ಕಡೆಗೆ ವಾಲಿಸಿ, ಮತ್ತೆ ನಿಲ್ಲಿಸಿ, ಕಿಕ್ ಹೊಡೆಯುತ್ತಿದ್ದರು. ನಾನು ಮುಂದೆ ನಿಲ್ಲುತ್ತಿದ್ದೆ, ತಂಗಿ ಅಮ್ಮನ ಮಡಿಲಲ್ಲಿ. ಆ ಗಾಡಿಯ ಮೂಲ ಈ ವೆಸ್ಪಾ. ಯುದ್ಧದಲ್ಲಿ ಬಾಂಬು ಬಿದ್ದು ವಿಮಾನದ ಕಾರ್ಖಾನೆ ಹಾಳಾದ ಮೇಲೆ ಪಿಯಾಜಿಯೊ ಕಂಪನಿ 1946ರಲ್ಲಿ ಇದನ್ನು ಹೊರತಂದಿತು. ರೂಪಿಸಿದ ಕೊರಾದಿನೊ ದಸ್ಕಾನಿಯೊ ವಿಮಾನದ ಎಂಜಿನಿಯರ್, ಮೋಟಾರ್ ಸೈಕಲ್ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ಎಂಜಿನ್ ಮುಚ್ಚಿದರು, ಗೇರ್ ಕೈಗೆ ತಂದರು, ಮುಂದಿನ ಚಕ್ರವನ್ನು ವಿಮಾನದ ಚಕ್ರದ ಹಾಗೆ ಒಂದೇ ಬದಿಯಿಂದ ಹಿಡಿಸಿದರು. ವೆಸ್ಪಾ ಅಂದರೆ ಕಣಜದ ಹುಳು. 1960ರ ದಶಕದಲ್ಲಿ ಬಜಾಜ್ ಲೈಸೆನ್ಸ್ ಪಡೆದು ಅದನ್ನು ನಮ್ಮಲ್ಲಿ ಮಾಡಿತು, ಆಮೇಲೆ ಚೇತಕ್ ಬಂತು. ರೋಮ್‌ನ ಬೀದಿಯಲ್ಲಿ ಆ ಸೀಟಿನ ಮೇಲೆ ಕೂತಾಗ ನನಗೆ ಪರದೇಶ ಅನ್ನಿಸಲೇ ಇಲ್ಲ.

ವಿರೋಧ: ತಂಗಿ ಬರೆದದ್ದು

ಅಕ್ಕನ ಜೊತೆ ಅದೇ ಟೂರ್‌ನಲ್ಲಿ ನಾನೂ ಇದ್ದೆ. ಮಂಡಿ ನೋವಿದ್ದವರು ಸ್ಕೂಟರ್ ಹತ್ತಲಿ, ಅದಕ್ಕೆ ನನ್ನ ತಕರಾರಿಲ್ಲ. ನಡೆಯಬಲ್ಲವರು ರೋಮ್‌ನಲ್ಲಿ ಹತ್ತಬಾರದು ಅಂತ ಮಾತ್ರ ಹೇಳುತ್ತೇನೆ.

ಮೊದಲು, ಅಲ್ಲಿನ ನೆಲ. ಹಳೇ ರೋಮ್‌ನ ಬೀದಿಗಳಿಗೆ ಹಾಸಿರುವುದು ಸಾನ್‌ಪಿಯೆತ್ರೀನಿ ಅನ್ನುವ ಚಚ್ಚೌಕದ ಕಪ್ಪು ಕಲ್ಲು. ನಡೆಯುವಾಗ ಚೆಂದ, ಚಕ್ರದ ಮೇಲೆ ಹಲ್ಲು ಕಟಕಟ. ಆವತ್ತು ಬೆಳಿಗ್ಗೆ ಸಣ್ಣ ಮಳೆ ಬಿದ್ದಿತ್ತು. ನಮ್ಮ ಗುಂಪಿನಲ್ಲಿ ತಾವೇ ಓಡಿಸುತ್ತಿದ್ದ ಒಬ್ಬರು ತಿರುವಿನಲ್ಲಿ ಜಾರಿ ಬಿದ್ದರು. ಮೊಣಕೈ ತರಚಿತು ಅಷ್ಟೇ, ಪುಣ್ಯ. ಆದರೆ ಅಲ್ಲಿಂದ ಮುಂದೆ ನಾನು ಊರು ನೋಡಲಿಲ್ಲ, ರಸ್ತೆ ನೋಡಿದೆ. ರಸ್ತೆ ಬಿಟ್ಟರೆ ಕಂಡದ್ದು ಮುಂದೆ ಕೂತವರ ಹೆಲ್ಮೆಟ್.

ಎರಡನೆಯದು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಪ್ಯಾಂಥಿಯನ್ ಅನ್ನುವ ಪುರಾತನ ದೇಗುಲದ ಹತ್ತಿರ ಹತ್ತು ನಿಮಿಷ ಸಿಕ್ಕಿತು, ಅದೂ ಹೊರಗೆ. ಆ ಕಟ್ಟಡದ ಸೊಗಸಿರುವುದೇ ಒಳಗೆ! ಮರುದಿನ ನಾನೊಬ್ಬಳೇ ಹೋದೆ. ಸುಮಾರು 43 ಮೀಟರ್ ಅಗಲದ ಗುಮ್ಮಟ, ಕಬ್ಬಿಣದ ಸರಳೇ ಇಲ್ಲದ ಕಾಂಕ್ರೀಟು, ಹತ್ತೊಂಬತ್ತು ಶತಮಾನದಿಂದ ನಿಂತಿದೆ. ನೆತ್ತಿಯಲ್ಲಿ ಒಂದು ದೊಡ್ಡ ತೆರೆದ ಬಾಯಿ. ಮಳೆ ಒಳಗೇ ಬೀಳುತ್ತದೆ. ನೆಲ ಸ್ವಲ್ಪ ಉಬ್ಬಿದೆ, ನಡುವೆ ಸಣ್ಣ ಸಣ್ಣ ತೂತುಗಳು, ನೀರು ಅದರಲ್ಲಿ ಇಳಿದು ಹೋಗುತ್ತದೆ. ಬಿಸಿಲಿನ ದುಂಡನೆಯ ಗುರುತು ಗೋಡೆಯ ಮೇಲೆ ಜರುಗುವುದನ್ನು ನೋಡುತ್ತಾ ಒಂದು ಗಂಟೆ ಕೂತಿದ್ದೆ. ಇದನ್ನು ಯಾವ ಟೂರ್ ಕೊಡುತ್ತದೆ?

ಊರು ದೊಡ್ಡದು, ನಡೆದು ಮುಗಿಯಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಕೊಲೋಸಿಯಂನಿಂದ ಪ್ಯಾಂಥಿಯನ್‌ಗೆ ಇಪ್ಪತ್ತು ನಿಮಿಷದ ನಡಿಗೆ. ದೂರದ ಜಾಗಕ್ಕೆ ಬಸ್ಸು, ಟ್ರಾಮ್ ಇವೆ. ದಾರಿಯಲ್ಲಿ ಬಾಯಾರಿದರೆ ನಜೋನೆ ಅಂತ ಕಬ್ಬಿಣದ ನಲ್ಲಿಗಳು, ನಗರದ ತುಂಬಾ ಎರಡು ಸಾವಿರಕ್ಕೂ ಜಾಸ್ತಿ. ನಜೋನೆ ಅಂದರೆ ದೊಡ್ಡ ಮೂಗು. ಮೂಗಿನ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಇದನ್ನು ನನಗೆ ಕಲಿಸಿದ್ದು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜ, ಬರೀ ಕೈಸನ್ನೆಯಲ್ಲಿ. ಸ್ಕೂಟರ್ ಮೇಲೆ ಹೋಗುವವರನ್ನು ಯಾರು ನಿಲ್ಲಿಸಿ ಕಲಿಸುತ್ತಾರೆ?

ಇನ್ನು ಅಲ್ಲಿ ಬದುಕುವವರ ಮಾತು. ತ್ರಾಸ್ತೆವೆರೆ ಅನ್ನುವ ಹಳೇ ಬಡಾವಣೆಯ ಗಲ್ಲಿಗಳು ನಮ್ಮ ಹಳೇ ಪೇಟೆಯ ಗಲ್ಲಿಗಳ ಹಾಗೆ, ಕಿಟಕಿ ರಸ್ತೆಗೇ ತೆರೆಯುತ್ತದೆ. ನಮ್ಮ ಹತ್ತು ಗಾಡಿ ಸಾಲಾಗಿ ನುಗ್ಗಿದಾಗ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬರು ಕಿಟಕಿ ಎಳೆದು ಮುಚ್ಚಿಕೊಂಡರು. ನನಗೆ ನಾಚಿಕೆಯಾಯಿತು.

ಇಷ್ಟೆಲ್ಲ ಇದ್ದರೂ ನಾನು ಸುಮ್ಮನಿರುತ್ತಿದ್ದೆನೇನೋ. ಕೊನೆಯದೊಂದನ್ನು ಮಾತ್ರ ಬಿಡಲಾರೆ. ನದಿ ಪಕ್ಕದ ರಸ್ತೆಯಲ್ಲಿ ಗೈಡ್ ಕೈ ಎತ್ತಿ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ತೋರಿಸಿದರು. ಅದರ ಗುಮ್ಮಟ ಚೌಕಾಕಾರದ್ದು, ದೂರದಿಂದಲೇ ಗುರುತು ಸಿಗುತ್ತದೆ. ಗಾಡಿ ನಿಲ್ಲಲಿಲ್ಲ. ಮರುದಿನ ಅದರ ಹಿಂದಿನ ಓಣಿಗಳಿಗೆ ನಡೆದು ಹೋದೆ. ವಿಯಾ ದೆಲ್ಲಾ ರೆಜಿನೆಲ್ಲಾ ಅನ್ನುವ ಕಿರಿದಾದ ಓಣಿ. ಒಂದು ಬಾಗಿಲ ಮುಂದೆ ಕಪ್ಪು ಕಲ್ಲುಗಳ ನಡುವೆ ಏನೋ ಹೊಳೆಯಿತು. ಹಿತ್ತಾಳೆ ಹೊದಿಸಿದ ಕಲ್ಲುಗಳು, ಒಂದೊಂದೂ ಅಂಗೈಯಷ್ಟು. ನಾಜಿಗಳಿಗೆ ಬಲಿಯಾದವರ ನೆನಪಿಗೆ ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 2010ರಿಂದ ರೋಮ್‌ನಲ್ಲಿ ಇವನ್ನು ಕೂರಿಸುತ್ತಾ ಬಂದಿದ್ದಾರೆ. 1943ರ ಅಕ್ಟೋಬರ್ 16ರ ಬೆಳಿಗ್ಗೆ ನಾಜಿಗಳು ಈ ಮನೆಗಳ ಬಾಗಿಲು ಬಡಿದರು. ಸಾವಿರಕ್ಕೂ ಹೆಚ್ಚು ಜನರನ್ನು ಆಶ್‌ವಿಟ್ಸ್ ಅನ್ನುವ ಸಾವಿನ ಶಿಬಿರಕ್ಕೆ ಸಾಗಿಸಿದರು. ವಾಪಸ್ ಬಂದವರು 16 ಮಂದಿ.

ನಿಂತು ನೋಡಿದರೆ ಅಕ್ಷರ ಕಾಣುವುದಿಲ್ಲ. ಕುಕ್ಕರಗಾಲಲ್ಲಿ ಕೂತೆ. 'ಇಲ್ಲಿ ವಾಸವಾಗಿದ್ದರು' ಅಂತ ಮೊದಲ ಸಾಲು. ಕೆಳಗೆ ಹೆಸರು, ಹುಟ್ಟಿದ ವರ್ಷ, ಹಿಡಿದುಕೊಂಡು ಹೋದ ದಿನ. ಅಕ್ಷರದ ಸಂದಿಯಲ್ಲಿ ದೂಳು ಕೂತಿತ್ತು, ಬೆರಳಿಂದ ಒರೆಸಿದೆ. ತರಕಾರಿ ಚೀಲ ಹಿಡಿದ ಒಬ್ಬಾಕೆ ಕಲ್ಲನ್ನು ತುಳಿಯದ ಹಾಗೆ ಪಕ್ಕಕ್ಕೆ ಹೆಜ್ಜೆ ಇಟ್ಟು ಒಳಗೆ ಹೋದರು.

ಅದೇ ಸಂಜೆ ಅಕ್ಕನನ್ನು ಕರೆದುಕೊಂಡು ಬಂದೆ, ನಿಧಾನಕ್ಕೆ, ಕೈ ಹಿಡಿದು. ಮಂಡಿ ನೋವಿಗೆ ಅವಳಿಗೆ ಕೂರೋಕೆ ಆಗಲಿಲ್ಲ. ನಾನು ಕೂತು ಒಂದೊಂದೇ ಹೆಸರು ಓದಿ ಹೇಳಿದೆ.